ಚಿಪ್ ಮೇಲಿನ ಬೆಳಕು ತಾಲ್ಲೂಕಿಗೆ ತಲುಪಿತೆ?

ಬೆಳಕಿನಿಂದ ವೈರಸ್ ಪತ್ತೆಮಾಡುವ ಚಿಪ್‌ಗಳ ಬಗ್ಗೆ ಈಚೆಗೆ ಬರುತ್ತಿರುವ ಸಮೀಕ್ಷೆಗಳು ಬಹುಮಟ್ಟಿಗೆ ಅಂಕಪಟ್ಟಿಗಳಂತಿವೆ. ಯಾರ ಸಾಧನಕ್ಕೆ ಎಷ್ಟು ಕಡಿಮೆ ಕಣ ಸಾಕಾಯಿತು ಎಂಬುದಷ್ಟೇ ಲೆಕ್ಕ. ಆ ಕಣ ಶುದ್ಧ ದ್ರಾವಣದಲ್ಲಿತ್ತೋ ರೋಗಿಯ ರಕ್ತದಲ್ಲಿತ್ತೋ ಎಂದು ಕೇಳುವವರು ಕಡಿಮೆ. ದಾವಣಗೆರೆಯಲ್ಲಿ ಕೂತು ದ್ಯುತಿವಿಜ್ಞಾನ ಕಲಿಸಿದವನಿಗೆ ಮೊದಲು ಏಳುವ ಪ್ರಶ್ನೆಯೇ ಅದು.

ಪೂರ್ವಕಥೆ ಚಿಕ್ಕದು. 1983ರಲ್ಲಿ ಸ್ವೀಡನ್ನಿನ ಲೀಡ್‌ಬರ್ಗ್, ನೈಲಾಂಡರ್, ಲುಂಡ್‌ಸ್ಟ್ರೋಮ್ ಲೋಹದ ತೆಳು ಪದರದ ಮೇಲಿನ ಪ್ಲಾಸ್ಮಾನ್ ಅನುರಣನವನ್ನು (ಬೆಳಕಿಗೆ ಎಲೆಕ್ಟ್ರಾನುಗಳು ಒಟ್ಟಾಗಿ ಕಂಪಿಸುವುದನ್ನು) ಜೈವಿಕ ಪತ್ತೆಗೆ ಬಳಸಿದರು. 1990ರಲ್ಲಿ ಆಂಡ್ರಿಯಾಸ್ ಮಾಂಜ್ ಸಂಗಡಿಗರೊಂದಿಗೆ ಇಡೀ ರಾಸಾಯನಿಕ ವಿಶ್ಲೇಷಣೆಯನ್ನು ಪುಟ್ಟ ಸಾಧನಕ್ಕೆ ಇಳಿಸುವ ಯೋಚನೆ ಮುಂದಿಟ್ಟರು. ಎರಡು ಧಾರೆಗಳೂ ಕೂಡಿದ ಮೇಲೆ ‘ಆಪ್ಟೋಫ್ಲೂಯಿಡಿಕ್ಸ್’ ಎಂಬ ಹೆಸರು ಚಾಲ್ತಿಗೆ ಬಂತು.

ನಮ್ಮ ತಲೆಮಾರಿನ ಕೆಲಸವನ್ನು ಮಾತ್ರ ನಿಧಾನವಾಗಿ ನೋಡಬೇಕು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 400ರಿಂದ 700 ನ್ಯಾನೋಮೀಟರ್. ಇನ್‌ಫ್ಲುಯೆಂಜಾ ವೈರಸ್ಸಿನ ಅಡ್ಡಳತೆ ಸುಮಾರು 100. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ದಕ್ಕದು. ಆದರೆ ಬೆಳಕನ್ನು ಒಯ್ಯುವ ವೇವ್‌ಗೈಡ್‌ನ ಮೈಯಿಂದ ಹೊರಕ್ಕೆ ಇಣುಕುವ ಬೆಳಕು ಒಂದಿನ್ನೂರು ನ್ಯಾನೋಮೀಟರಿನೊಳಗೇ ಕ್ಷೀಣಿಸುತ್ತದೆ; ಹಾಗಾಗಿ ಮೈಗೆ ಅಂಟಿದ್ದನ್ನಷ್ಟೇ ಅದು ಗ್ರಹಿಸುತ್ತದೆ. ಅಲ್ಲಿ ಪ್ರತಿಕಾಯಗಳನ್ನು ಅಂಟಿಸಿಟ್ಟರೆ, ವೈರಸ್ ಬಂದು ಕೂತೊಡನೆ ಆ ಜಾಗದ ವಕ್ರೀಭವನಾಂಕ ಬದಲಾಗುತ್ತದೆ. 2007ರಲ್ಲಿ ನೆದರ್‌ಲೆಂಡ್ಸಿನ ಯಮೆಟಿ ತಂಡ ಎರಡು ಬೆಳಕಿನ ಅಲೆಗಳನ್ನು ಬೆರೆಸಿ ವ್ಯತ್ಯಾಸ ಅಳೆಯುವ ಯಂಗ್ ವ್ಯತಿಕರಣಮಾಪಕದಿಂದ ಹರ್ಪಿಸ್ ವೈರಸ್ಸನ್ನು ಗುರುತಿಸಿದ್ದು ಹೀಗೆ. 2008ರಲ್ಲಿ ಫ್ರಾಂಕ್ ವೋಲ್ಮರ್, ಸ್ಟೀಫನ್ ಆರ್ನಾಲ್ಡ್ ಗಾಜಿನ ಸೂಕ್ಷ್ಮಗೋಳದೊಳಗೆ ಬೆಳಕನ್ನು ಸುತ್ತಿಸಿ, ಒಂದೊಂದೇ ಇನ್‌ಫ್ಲುಯೆಂಜಾ ಕಣ ಅಂಟುವುದನ್ನು ತೋರಿಸಿದರು. ಸುಂದರ ಪ್ರಯೋಗ, ಆಸ್ಪತ್ರೆಗೆ ಬಲು ದೂರ. 2015ರಲ್ಲಿ ಹೋಲ್ಗರ್ ಶ್ಮಿಟ್, ಆರನ್ ಹಾಕಿನ್ಸ್ ಎಬೋಲಾ ಪತ್ತೆಗೆ ಪ್ರತಿದೀಪ್ತಿ (ಬಣ್ಣ ಹಚ್ಚಿದ ಅಣು ಸೂಸುವ ಬೆಳಕು) ಬಳಸಿದರು. ಮಾದರಿ ಸಿದ್ಧಪಡಿಸಲೆಂದೇ ಅವರು ಬೇರೊಂದು ಚಿಪ್ ಜೋಡಿಸಿದ್ದರು. ನನ್ನ ಲೆಕ್ಕದಲ್ಲಿ ದೊಡ್ಡ ಹೆಜ್ಜೆ ಅದೇ.

ಬೆಂಗಳೂರಿನ ಬಿಗ್‌ಟೆಕ್ ಕಂಪನಿ ರೂಪಿಸಿದ ಟ್ರೂನ್ಯಾಟ್ ಯಂತ್ರ ಇಂಥ ಸಮೀಕ್ಷೆಗಳಲ್ಲಿ ಅಪರೂಪ. ಚಿಪ್ ಮೇಲೆ ಪಿಸಿಆರ್, ಪ್ರತಿದೀಪ್ತಿಯಿಂದ ಓದು, ಬ್ಯಾಟರಿಯಲ್ಲೂ ಕೆಲಸ. ಇದರ ಬೆಳಕಿನಲ್ಲಿ ಹೊಸ ಭೌತವಿಜ್ಞಾನವಿಲ್ಲವೆಂಬ ಉಪೇಕ್ಷೆ ಇರಬೇಕು. ಆದರೆ 2020ರ ಕೋವಿಡ್ ಕಾಲದಲ್ಲಿ ದೊಡ್ಡ ಪ್ರಯೋಗಾಲಯವಿಲ್ಲದ ಊರುಗಳಿಗೆ ಪರೀಕ್ಷೆ ಒಯ್ದದ್ದು ಇದೇ. ಮುಂದೆ ಪುಣೆಯ ವೈರಾಣು ಸಂಸ್ಥೆ ಮಂಗನ ಕಾಯಿಲೆಯ ಪರೀಕ್ಷೆಯನ್ನೂ ಇದಕ್ಕೆ ಹೊಂದಿಸಿತು.

ಮಂಗನ ಕಾಯಿಲೆ ನಮ್ಮ ನೆರೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು. ಮೊದಲ ದಿನಗಳಲ್ಲಿ ಡೆಂಗಿ ಜ್ವರದಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಎರಡರ ವೈರಸ್ಸೂ ಸುಮಾರು 50 ನ್ಯಾನೋಮೀಟರ್, ಇನ್‌ಫ್ಲುಯೆಂಜಾದ ಅರ್ಧ. ವಕ್ರೀಭವನಾಂಕದ ಬದಲಾವಣೆ ಅಳೆಯುವ ವಿಧಾನಗಳಲ್ಲಿ ಒಂದು ಕಣದ ಸಂಕೇತ ಅಡ್ಡಳತೆಯ ಮೂರನೇ ಘಾತಕ್ಕೆ ತಕ್ಕಂತೆ ಇಳಿಯುವುದರಿಂದ, ಅಡ್ಡಳತೆ ಅರ್ಧವಾದರೆ ಸಂಕೇತ ಸುಮಾರು 8ರಲ್ಲಿ ಒಂದು ಪಾಲು. ಇನ್‌ಫ್ಲುಯೆಂಜಾದ ಮೇಲೆ ಗೆದ್ದ ವಿಧಾನ ಮಲೆನಾಡಿನ ಜ್ವರದ ಮೇಲೂ ಗೆದ್ದೀತೆಂದು ನಂಬಲು ಆಧಾರ ಸಾಲದು. ರಕ್ತದ ಪ್ರೋಟೀನುಗಳು ಚಿಪ್ಪಿನ ಮೈಗೆ ಮೆತ್ತಿಕೊಂಡು ಸುಳ್ಳು ಸಂಕೇತ ಕೊಡುವುದು ಬೇರೆ.

ಉಳಿದಿರುವ ಕೆಲಸವೆಂದರೆ ರಕ್ತದಿಂದ ವೈರಸ್ಸನ್ನು ಬೇರ್ಪಡಿಸುವುದು, ಒಂದೇ ಹನಿಯಲ್ಲಿ ಹಲವು ಜ್ವರ ಹುಡುಕುವುದು, ಬಳಸಿ ಎಸೆಯುವ ಪ್ಲಾಸ್ಟಿಕ್ ಚಿಪ್ಪನ್ನು ಅಗ್ಗವಾಗಿ ಅಚ್ಚುಹಾಕುವುದು. ಕೊನೆಯದು ದ್ಯುತಿವಿಜ್ಞಾನಿಯ ಕೆಲಸವೇ ಅಲ್ಲ, ಡೈ ಮಾಡುವವನದು. 1941ರಿಂದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ತಯಾರಿಸಿದ ಹರಿಹರದಲ್ಲಿ ಮೈಕ್ರಾನ್ ಎಂಬುದು ಕಾರ್ಖಾನೆಯ ಮಾತು. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ, ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿದೆ. ಅನುದಾನ ಕೊಡುವವರು ಗಾಜಿನ ಗೋಳದಂಥ ಇನ್ನೊಂದು ಅನುರಣಕಕ್ಕೆ ಹಣ ಸುರಿಯುವ ಮುನ್ನ ಡೈ ಮಾಡುವವ, ವೈದ್ಯ, ಎಂಜಿನಿಯರ್ ಈ ಮೂವರನ್ನು ಒಂದೇ ಯೋಜನೆಯಲ್ಲಿ ಕೂರಿಸಲಿ.