ಟ್ರೀ ಹಗ್ಗರ್ ಅಂತ ಬೈಯುವ ಮುಂಚೆ: ‘ಅಪ್ಪಿಕೋ’ ಎಂಬ ಪದದ ಜಾಡು

2016ರಲ್ಲಿ ಬೆಂಗಳೂರಿನ ಸ್ಟೀಲ್ ಫ್ಲೈಓವರ್ ವಿರುದ್ಧ ಜನ ಬೀದಿಗಿಳಿದಾಗ ನಾನಿನ್ನೂ ಕೋಡ್ ಬರೆದು ಸಂಬಳ ಎಣಿಸುತ್ತಿದ್ದ ಇಂಜಿನಿಯರು. ಒಂದು ಭಾನುವಾರ ಪ್ರತಿಭಟನೆಗೆ ಹೋಗಿ ಬಂದಿದ್ದಕ್ಕೆ ಪಕ್ಕದ ಸೀಟಿನವ ನಗುತ್ತಾ ‘ಟ್ರೀ ಹಗ್ಗರ್’ ಅಂದ. ಮರ ತಬ್ಬುವವ. ಅಂದರೆ ಭಾವುಕ, ಲೆಕ್ಕ ಗೊತ್ತಿಲ್ಲದವ, ಅಭಿವೃದ್ಧಿಗೆ ಅಡ್ಡಗಾಲು.

ಈ ಇಂಗ್ಲಿಷ್ ನುಡಿ ಹುಟ್ಟಿದ್ದು ಚಿಪ್ಕೋದಿಂದ ಅಂತ ಇಂಟರ್‌ನೆಟ್ ತುಂಬ ಬರೆದಿದ್ದಾರೆ. ಕಾಲ ಹೊಂದಲ್ಲ. ಮೆರಿಯಂ-ವೆಬ್‌ಸ್ಟರ್ ನಿಘಂಟು ಈ ಪದದ ಮೊದಲ ಬಳಕೆಯನ್ನು 1965ಕ್ಕೆ ಒಯ್ಯುತ್ತದೆ. ಉತ್ತರಾಖಂಡದ ಮಂಡಲ್‌ನಲ್ಲಿ ಜನ ಮರ ಕಡಿಯುವವರಿಗೆ ಎದುರು ನಿಂತಿದ್ದು 1973ರಲ್ಲಿ. ಪದ ಅಮೆರಿಕದ್ದು, ಕೃತಿ ನಮ್ಮದು. ಎರಡಕ್ಕೂ ಗಂಟು ಬಿದ್ದಿದ್ದು ಆಮೇಲೆ.

ನಮ್ಮ ಪದಕ್ಕೆ ಬರೋಣ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಹೆಂಗಸರು ಮಕ್ಕಳ ಸಮೇತ, ಕಳಾಸೆ ಕಾಡಿಗೆ ನಡೆದುಹೋಗಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಹೋರಾಟ 38 ದಿನ ನಡೆಯಿತು. ಸಿದ್ದಾಪುರದ ನಿಡಗೋಡಿನಲ್ಲೂ ಊರವರು ಹೋಗಿ ಕಡಿತ ನಿಲ್ಲಿಸಿದರು. ಮುಂದಾಳು ಪಾಂಡುರಂಗ ಹೆಗಡೆ. ಸುಂದರಲಾಲ್ ಬಹುಗುಣರ ಜೊತೆ ಚಿಪ್ಕೋದಲ್ಲಿ ಓಡಾಡಿ ಬಂದವರು.

‘ಚಿಪ್ಕೋ’ಗೆ ನೇರ ಕನ್ನಡ ‘ಅಂಟಿಕೋ’. ಇಲ್ಲಿ ನಿಂತಿದ್ದು ‘ಅಪ್ಪಿಕೋ’. ಗೋಂದು ಅಂಟುತ್ತೆ, ಮಗುವನ್ನು ಅಪ್ಪುತ್ತೇವೆ. ಕೊನೆಯ ‘ಕೋ’ ಕೂಡ ಸುಮ್ಮನೆ ಇಲ್ಲ. ಇಟ್ಟುಕೋ, ಉಳಿಸಿಕೋ, ನೋಡ್ಕೋ ಅನ್ನುವಾಗ ಕೆಲಸದ ಫಲ ಮಾಡಿದವನಿಗೇ ಸೇರುತ್ತೆ. ಮೇಲಾಗಿ ಇದು ಏಕವಚನ. ‘ಅಪ್ಪಿಕೊಳ್ಳಿ’ ಅನ್ನುವ ಸಭಾ ಮರ್ಯಾದೆ ಇಲ್ಲ, ಮನೆಯವರಿಗೆ ಹೇಳಿದ ಹಾಗಿದೆ. ಟ್ರೀ ಹಗ್ಗರ್ ಅನ್ನೋದು ಇನ್ನೊಬ್ಬರು ನಮಗೆ ಅಂಟಿಸುವ ಹೆಸರು. ಅಪ್ಪಿಕೋ ನಮ್ಮವರು ನಮಗೇ ಹೇಳಿಕೊಂಡ ಮಾತು.

ಇದೇ ಸೀಮೆಯಲ್ಲಿ ಧಿಕ್ಕಾರಕ್ಕೆ ಅದಕ್ಕೂ ಹಿಂದೆ ಇದ್ದ ಪದ ‘ಕರನಿರಾಕರಣೆ’. 1930ರ ದಶಕದ ಶುರುವಿನಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಬ್ರಿಟಿಷರಿಗೆ ಕಂದಾಯ ಕಟ್ಟದೆ ಜಮೀನು ಕಳೆದುಕೊಂಡರು. ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಸತ್ಯಾಗ್ರಹ ಕೂತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ, ಜೋಗಕ್ಕೆ ಹೋಗುವವರು ಗಾಡಿ ನಿಲ್ಲಿಸಿ ನೋಡಬಹುದು.

ಇನ್ನು ‘ಲೆಕ್ಕ ಗೊತ್ತಿಲ್ಲದವರು’ ಅನ್ನೋ ಆರೋಪ. ಅಪ್ಪಿಕೋದ ಘೋಷಣೆ ಮೂರು ಪದದ್ದು: ಉಳಿಸು, ಬೆಳೆಸು, ಬಳಸು. ಮೂರನೆಯದನ್ನು ಗೇಲಿ ಮಾಡುವವರು ಓದಿಯೇ ಇಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಬರೋದು ಸೊಪ್ಪಿನ ಬೆಟ್ಟದಿಂದ. ಉರುವಲು, ಬಿದಿರು, ಹಳ್ಳದ ನೀರು ಎಲ್ಲದರ ಹಿಂದೆ ಕಾಡಿದೆ. ಆ ಮಿಶ್ರ ಕಾಡನ್ನು ಬೋಳಿಸಿ ಅರಣ್ಯ ಇಲಾಖೆ ಸಾಗವಾನಿ ಸಾಲು ನೆಡುತ್ತಿತ್ತು. ಪ್ಲೈವುಡ್ ಮತ್ತು ಕಾಗದದ ಕಾರ್ಖಾನೆಗಳಿಗೆ ಮರ ಬೇಕಿತ್ತು. ಜನ ಅಪ್ಪಿದ್ದು ಮುಂದಿನ ವರ್ಷದ ಬೆಳೆಯನ್ನೂ ಹೌದು. ಹಾಗಂತ ಎಲ್ಲರ ಲೆಕ್ಕವೂ ಒಂದೇ ಆಗಿರಲಿಲ್ಲ. ಬೆಟ್ಟದ ಹಕ್ಕು ತೋಟ ಇದ್ದವರಿಗೆ. ತೋಟವೇ ಇಲ್ಲದ ಕೂಲಿಯವರಿಗೆ ಕಾಡು ಬೇರೆಯೇ ಅರ್ಥದ್ದು. ಅಪ್ಪಿಕೋವನ್ನು ಹೊಗಳುವ ಬರಹಗಳು ಇದನ್ನು ಹಾರಿಸಿಬಿಡುತ್ತವೆ.

ಲೆಕ್ಕದ ಮಾತಿಗೆ ಇನ್ನೂ ಗಟ್ಟಿ ಸಾಕ್ಷಿ ಯಲ್ಲಾಪುರದ ಕಡೆಯದು, ಅಪ್ಪಿಕೋಗಿಂತ ಹಿಂದಿನದು. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಬರಲಿದೆ ಎಂದಾಗ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ಅಡಿಕೆ ಮಾರುವ ಸಹಕಾರ ಸಂಘ, 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿಸಿತು. ಯೋಜನೆಯ ಲಾಭ-ನಷ್ಟವನ್ನು ಬೆಳೆಗಾರರೇ ಕೂತು ತಾಳೆ ನೋಡಿದರು. ಯೋಜನೆ ಮುಂದೆ ಹೋಗಲಿಲ್ಲ. ಇಂಜಿನಿಯರಿಂಗ್ ಓದಿದ ನನಗೆ ಈ ಸಂಗತಿ ತಿಳಿದಿದ್ದು ಕೆಲಸ ಬಿಟ್ಟ ಮೇಲೆ. ನಮ್ಮ ಸಿಲೆಬಸ್‌ನಲ್ಲಿ ಅಣೆಕಟ್ಟು ಕಟ್ಟೋದಷ್ಟೇ ಇತ್ತು.

ಈಗ ಬೇಡ್ತಿ-ವರದಾ ನದಿ ಜೋಡಣೆಯ ಮಾತು. ಶಿರಸಿಯಲ್ಲಿ ಮತ್ತೆ ಸಭೆಗಳು, ಕಾಮೆಂಟುಗಳಲ್ಲಿ ಮತ್ತೆ ಅದೇ ಇಂಗ್ಲಿಷ್ ಬೈಗುಳ. ಅನುವಾದ ಮಾಡುವ ಗೆಳೆಯನೊಬ್ಬ ಮೊನ್ನೆ ಇದಕ್ಕೆ ಕನ್ನಡದಲ್ಲಿ ಏನು ಹಾಕಲಿ ಅಂತ ಕೇಳಿದ. ‘ಅಪ್ಪಿಕೋದವರು’ ಅಂತ ಹಾಕು ಅಂದೆ. ‘ಅದು ಬೈಗುಳ ಆಗಲ್ವಲ್ಲ ಮಾರಾಯ’ ಅಂದ.