ಕೈಯಿಂದ ಕೈಗೆ ದಾಟಿದ ಆಟಗಳು

ಕಿಬ್ಬನಹಳ್ಳಿ ಸೀಮೆಗೆ ವಿಡಿಯೋ ಗೇಮ್ ಬಂದದ್ದು ಟಿವಿಯ ಬೆನ್ನು ಹಿಡಿದು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದ ಮೇಲೆ ತೋಟದ ಮನೆಗಳಿಗೂ ಕಪ್ಪು-ಬಿಳುಪಿನ ಪೋರ್ಟಬಲ್ ಟಿವಿ ಬಂತು, ಹೆಂಚಿನ ಮೇಲೆ ಆಂಟೆನಾ ಎದ್ದಿತು. ಆ ಟಿವಿಗಳು ಕೆಟ್ಟಾಗ ನನ್ನಂಥವರಿಗೆ ಕೆಲಸ ಸಿಕ್ಕಿತು. ತುಮಕೂರಿನಿಂದ ತಿಪಟೂರು, ಅರಸೀಕೆರೆ ಕಡೆ ಹೋಗುವ ಹೆದ್ದಾರಿಗೆ ಚಿಕ್ಕನಾಯಕನಹಳ್ಳಿ-ತುರುವೇಕೆರೆ ರಸ್ತೆ ಅಡ್ಡ ಬರುವ ಕ್ರಾಸಿನಲ್ಲಿ ನನ್ನ ರಿಪೇರಿ ಅಂಗಡಿ ಇತ್ತು. ನಾಲ್ಕು ದಿಕ್ಕಿನ ಬಸ್ಸು ನಿಲ್ಲುವ ಜಾಗ. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಟಿವಿಯ ಜೊತೆಗೆ ಇನ್ನೊಂದು ಪುಟ್ಟ ಪೆಟ್ಟಿಗೆಯೂ ನನ್ನ ಮೇಜಿಗೆ ಬರತೊಡಗಿತು.

ಅದರ ಮೂಲ ಜಪಾನಿನದು. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರಾಟಕ್ಕೆ ಬಿಟ್ಟಿತು. ಅದನ್ನು ನೋಡಿ ತೈವಾನ್, ಚೀನಾಗಳಲ್ಲಿ ನಕಲು ಯಂತ್ರಗಳು ತಯಾರಾದವು. ನಮ್ಮ ಕಡೆ ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರು ಹೊತ್ತು ಬಂದವುಗಳು ಇದೇ ಕುಲದವು. ಬಿಚ್ಚಿದರೆ ಒಳಗೆ ಹೆಚ್ಚೇನೂ ಇಲ್ಲ. ಅಡಾಪ್ಟರಿನಿಂದ ಬಂದ ಒಂಬತ್ತು ವೋಲ್ಟನ್ನು ಐದಕ್ಕೆ ಇಳಿಸುವ 7805 ರೆಗ್ಯುಲೇಟರು, ಚಿತ್ರವನ್ನು ಆಂಟೆನಾ ತಂತಿಯ ಮೂಲಕ ಟಿವಿಗೆ ಕಳಿಸುವ ತಗಡಿನ ಡಬ್ಬಿ, ಕ್ಯಾಸೆಟ್ ಕೂರುವ ಅರವತ್ತು ಪಿನ್ನಿನ ಸೀಳು. ಕ್ಯಾಸೆಟ್ಟಿನೊಳಗೂ ಅಷ್ಟೇ: ಒಂದು ಸಣ್ಣ ಬೋರ್ಡು, ಅದರ ಮೇಲೆ ಚಿಪ್ಪನ್ನು ಮುಚ್ಚಿದ ಕರಿ ಅಂಟಿನ ಬೊಟ್ಟು. ಮಾರಿಯೋ, ಕಾಂಟ್ರಾ, ರೋಡ್ ಫೈಟರ್, ಟ್ಯಾಂಕ್ ಎಂದೇ ಹುಡುಗರು ಕರೆಯುತ್ತಿದ್ದ ಬ್ಯಾಟಲ್ ಸಿಟಿ, ಎಲ್ಲವೂ ಆ ಬೊಟ್ಟಿನಡಿಯಲ್ಲೇ ಇದ್ದವು.

ಇಡೀ ಆಟ ಕೈಯಲ್ಲಿ ಹಿಡಿಯುವ ಒಂದು ವಸ್ತುವಾಗಿದ್ದುದರಿಂದಲೇ ಅದು ಕೈಯಿಂದ ಕೈಗೆ ದಾಟಬಲ್ಲದಾಗಿತ್ತು. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳುವುದು ನಮ್ಮ ಹೆಂಗಸರಿಗೆ ಮೊದಲಿಂದ ಗೊತ್ತಿದ್ದ ವ್ಯವಹಾರ. ಹುಡುಗರು ಅದೇ ದಾರಿ ಹಿಡಿದರು. ಆಡಿ ಮುಗಿಸಿದ ಕ್ಯಾಸೆಟ್ ತಂದು, "ಅಣ್ಣ, ಇದನ್ನಿಟ್ಕೊಂಡು ಕಾಂಟ್ರಾ ಕೊಡಣ್ಣ, ಮೇಲೆ ಇಪ್ಪತ್ತು ಕೊಡ್ತೀನಿ" ಎನ್ನುತ್ತಿದ್ದರು. ಹೀಗೆ ನನ್ನ ರಿಪೇರಿ ಅಂಗಡಿಯ ಒಂದು ಹಲಗೆ ಹಳೇ ಕ್ಯಾಸೆಟ್ಟಿನ ಅಂಗಡಿಯಾಯಿತು.

ಹೊಸ ಮಾಲಿಗೆ ಬೆಂಗಳೂರೇ ಗತಿ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೆ ಹೋದರೆ ಯಂತ್ರ, ಕ್ಯಾಸೆಟ್, ಜಾಯ್‌ಸ್ಟಿಕ್ ಎಲ್ಲ ಸಿಗುತ್ತಿದ್ದವು, ಬಿಡಿಭಾಗಕ್ಕೆ ಎಸ್‌.ಪಿ. ರೋಡು. ಆದರೆ ತೋಟದ ಮನೆಯಲ್ಲಿ ತಿಂಗಳ ಸಂಬಳವಿಲ್ಲ. ಕಾಯಿ ಕೆಡವಿ, ಅಟ್ಟಕ್ಕೆ ಏರಿಸಿ, ಒಳಗೆ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕು. ಅದನ್ನು ಸುಲಿದು ತಿಪಟೂರಿನ ಮಾರುಕಟ್ಟೆಗೆ ಹಾಕಿದಾಗ ಮನೆಗೆ ದುಡ್ಡು. ಹೊಸ ಕ್ಯಾಸೆಟ್ಟಿನ ಮಾತು ಆಗ ಮಾತ್ರ. ಉಳಿದ ಕಾಲವೆಲ್ಲ ಹುಡುಗರ ಆಟ ನಡೆದದ್ದು ಅದಲು-ಬದಲಿನಿಂದಲೇ. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ ಬಿಟ್ಟುಹೋದ ಕ್ಯಾಸೆಟ್ಟು ವಾರದೊಳಗೆ ತುರುವೇಕೆರೆ ಬಸ್ಸು ಹತ್ತುತ್ತಿತ್ತು. ಕಾಂಟ್ರಾದಲ್ಲಿ ಮೂವತ್ತು ಜೀವ ಸಿಗುವ ಬಟನ್ನಿನ ಗುಟ್ಟೂ ಕ್ಯಾಸೆಟ್ಟಿನ ಜೊತೆಗೇ ಬಾಯಿಂದ ಬಾಯಿಗೆ ಪ್ರಯಾಣ ಮಾಡಿತು.

ಈ ವ್ಯಾಪಾರಕ್ಕೆ ಒಂದೇ ನಿಯಮ: ಹಾಕಿ ತೋರಿಸಬೇಕು. ಅಂಗಡಿಯಲ್ಲೊಂದು ಹಳೇ ಟಿವಿ ಇದಕ್ಕೇ ಮೀಸಲಿತ್ತು. 9999 ಇನ್ 1 ಎಂದು ಚೀಟಿ ಅಂಟಿಸಿಕೊಂಡ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದುದು ಕೆಲವೇ ಆಟಗಳು, ಅವನ್ನೇ ಬೇರೆ ಬೇರೆ ಹಂತದಿಂದ ಶುರುಮಾಡಿ ಪಟ್ಟಿ ಬೆಳೆಸಿರುತ್ತಿದ್ದರು. ಅದನ್ನು ಗಿರಾಕಿಗೆ ಮೊದಲೇ ಹೇಳಬೇಕಿತ್ತು. ಪಿನ್ನಿಗೆ ಬಾಯಿಂದ ಊದುವ ಅಭ್ಯಾಸ ಎಲ್ಲರಿಗೂ ಇತ್ತು. ಎಂಜಲಿನ ತೇವಕ್ಕೆ ಪಿನ್ನು ಕಿಲುಬು ಹಿಡಿಯುತ್ತದೆಂದು ನಾನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಕೊಡುತ್ತಿದ್ದೆ. ಕೆಇಬಿಯವರು ಕರೆಂಟು ತೆಗೆದರೆ ಆಟ ಮೊದಲಿನಿಂದ ಶುರು, ಏಕೆಂದರೆ ಈ ಕ್ಯಾಸೆಟ್ಟುಗಳಲ್ಲಿ ಆಡಿದ್ದನ್ನು ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ಅದಕ್ಕೆ ಮಾತ್ರ ನನ್ನಲ್ಲಿ ರಿಪೇರಿ ಇರಲಿಲ್ಲ.

ನಾವು ಕ್ರಾಸಿನಲ್ಲಿ ಮಾಡುತ್ತಿದ್ದುದನ್ನೇ ಅಮೆರಿಕದಲ್ಲಿ ದೊಡ್ಡದಾಗಿ ಮಾಡಿದವರಿದ್ದರು ಎಂಬುದು ಆಮೇಲೆ ಓದಿ ತಿಳಿಯಿತು. 1988ರಲ್ಲಿ ಮಿನೆಸೋಟಾದಲ್ಲಿ ಡೇವಿಡ್ ಪೊಮಿಜೆ ಎಂಬವರು ಹಳೇ ಆಟಗಳನ್ನು ಕೊಂಡು, ಪರೀಕ್ಷೆ ಮಾಡಿ, ಒರೆಸಿ ಮಾರುವ ಫಂಕೋ ಕಂಪನಿ ಕಟ್ಟಿದರು. ಯಾವ ಆಟಕ್ಕೆ ಎಷ್ಟು ಎಂಬ ದರಪಟ್ಟಿಯನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು. ಅದಕ್ಕೂ ಮೊದಲು, 1984ರಲ್ಲಿ, ಡಲ್ಲಾಸಿನಲ್ಲಿ ಬ್ಯಾಬೇಜಸ್ ಎಂಬ ಸಾಫ್ಟ್‌ವೇರ್ ಅಂಗಡಿ ಶುರುವಾಗಿತ್ತು. ಇವೆರಡೂ ಒಂದೇ ಮಾಲೀಕತ್ವಕ್ಕೆ ಸೇರಿ ಗೇಮ್‌ಸ್ಟಾಪ್ ಬೆಳೆಯಿತು. 2005ರಲ್ಲಿ ಅದು ಇಬಿ ಗೇಮ್ಸ್ ಸರಣಿಯನ್ನೂ ಕೊಂಡಿತು, ಮುಂದೆ ಅದರ ಮಳಿಗೆಗಳ ಸಂಖ್ಯೆ 6,000 ದಾಟಿತು. ಅದರ ಲಾಭದ ದೊಡ್ಡ ಪಾಲು ಬಂದದ್ದು ಹಳೇ ಆಟ ಕೊಂಡು ಮಾರಿದ್ದರಿಂದ.

ಆಟ ತಯಾರಿಸುವ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಎರಡನೇ ಸಲ ಮಾರಾಟವಾದಾಗ ಅವರಿಗೇನೂ ಸಿಗುವುದಿಲ್ಲವಲ್ಲ. ಜಪಾನಿನಲ್ಲಿ ಈ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಳೇ ಆಟ ಮಾರುವುದು ತಪ್ಪಲ್ಲ ಎಂದು 2002ರ ಏಪ್ರಿಲ್ 25ರಂದು ತೀರ್ಪು ಬಂತು. ನಮ್ಮಲ್ಲಿ, ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯೊಂದು ಹಿಂದೆ ಮಾರಾಟವಾಗಿದ್ದರೂ ಅದನ್ನು ಮತ್ತೆ ಮಾರುವ ಹಕ್ಕನ್ನು ಕರ್ತೃವಿಗೇ ಕೊಟ್ಟಿತ್ತು; 1999ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ನಮ್ಮ ಸೀಮೆಯಲ್ಲಿ ಓಡಾಡಿದ ಕ್ಯಾಸೆಟ್ಟುಗಳಲ್ಲಿ ಬಹುಪಾಲು ನಕಲು, ಆಟ ಕಟ್ಟಿದವರಿಗೆ ಅದರಿಂದ ಬಿಡಿಗಾಸು ಸೇರಲಿಲ್ಲ. ಅದೂ ಈ ಚರಿತ್ರೆಯ ಭಾಗ, ಮುಚ್ಚಿಡಬಾರದು. ಆದರೆ ದುಡ್ಡು ಕೊಟ್ಟು ಕೊಂಡ ಅಸಲಿ ವಸ್ತುವನ್ನು ಇನ್ನೊಬ್ಬರಿಗೆ ದಾಟಿಸುವ ಹಕ್ಕು ಬೇರೆಯೇ ಮಾತು. ಅದು ಕೊಂಡವನದು.

ಕ್ಯಾಸೆಟ್ಟಿನ ಕಾಲ ಇಲ್ಲಿ ನಿಧಾನವಾಗಿ ಮುಗಿಯಿತು. ಸಿ.ಡಿ. ಬಂತು, ಕಂಪ್ಯೂಟರ್ ಬಂತು. ಚಪ್ಪಟೆ ಟಿವಿ ಬಂದಾಗ ಡಕ್ ಹಂಟ್ ಆಟದ ಬಂದೂಕು ಕೆಲಸ ನಿಲ್ಲಿಸಿತು. ಗುಂಡಿ ಒತ್ತಿದ ಕ್ಷಣಕ್ಕೆ ಪರದೆ ಕಪ್ಪಾಗಿ, ಹಕ್ಕಿಯಿದ್ದಲ್ಲಿ ಬಿಳಿ ಚೌಕ ಮಿಂಚಬೇಕು, ಆ ಹೊಂದಾಣಿಕೆ ಪಿಕ್ಚರ್ ಟ್ಯೂಬಿಗೆ ಮಾತ್ರ ಸಾಧ್ಯ. 2016ರಲ್ಲಿ ಜಿಯೋ ಬಂದ ಮೇಲೆ ಮೊಬೈಲೇ ಆಟದ ಯಂತ್ರವಾಯಿತು.

ಹೊರಗಿನ ಲೋಕದಲ್ಲೂ ಇದೇ ಕಥೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರದಲ್ಲಿ ಹಳೇ ಡಿಸ್ಕಿಗೆ ಕಟ್ಟುಪಾಡು ಹಾಕಲು ಹೊರಟು, ಆಡುವವರು ಸಿಟ್ಟಾದ ಮೇಲೆ ಹಿಂದೆ ಸರಿಯಿತು. ಆದರೆ 2020ರಲ್ಲಿ ಸೋನಿಯ ಪ್ಲೇಸ್ಟೇಷನ್ 5, ಡಿಸ್ಕ್ ಹಾಕಲು ಜಾಗವೇ ಇಲ್ಲದ ಮಾದರಿಯಲ್ಲೂ ಬಂತು. ಆಟ ನೇರವಾಗಿ ಡೌನ್‌ಲೋಡ್ ಆಗತೊಡಗಿದ ಮೇಲೆ ಹಳೇ ಆಟ ಕೊಳ್ಳುವ ಅಂಗಡಿಗೆ ಕೊಳ್ಳಲು ಏನು ಉಳಿಯಿತು? 2021ರ ಜನವರಿಯಲ್ಲಿ ಗೇಮ್‌ಸ್ಟಾಪ್ ಷೇರು 17 ಡಾಲರಿನ ಆಸುಪಾಸಿನಿಂದ 347ಕ್ಕೆ ಹಾರಿ ಜಗತ್ತಿಗೆಲ್ಲ ಸುದ್ದಿಯಾಯಿತು. ಷೇರು ಏರಿದರೂ ಮಳಿಗೆಗಳು ಮುಚ್ಚುವುದು ನಿಲ್ಲಲಿಲ್ಲ.

ಹಳೇ ಮಾಲಿನ ವ್ಯಾಪಾರವನ್ನು ಬಡವರ ವ್ಯಾಪಾರವೆಂದು ಬದಿಗಿಡುವವರಿದ್ದಾರೆ. ಅವರ ಗಮನಕ್ಕೆ ಒಂದು ಲೆಕ್ಕ: 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಹೊಸದಾಗಿ ಎಲ್ಲೂ ಮಾರಾಟಕ್ಕಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಕಂಪನಿಗಳು ಕೈಬಿಟ್ಟ ಆಟಗಳು ಇನ್ನೂ ಆಡಲು ಸಿಗುವುದು ಬಹುಮಟ್ಟಿಗೆ ಹಳೇ ಪ್ರತಿಗಳನ್ನು ಕೊಂಡು, ಕಾದಿಟ್ಟು, ದಾಟಿಸಿದ ಜನರಿಂದ. ಇವತ್ತು ಮೊಬೈಲಿನಲ್ಲಿ ದುಡ್ಡು ಕೊಟ್ಟು ತಗೊಂಡ ಆಟವನ್ನು ನನ್ನ ಮೊಮ್ಮಗ ತನ್ನ ಗೆಳೆಯನಿಗೆ ಕೊಡಲಾರ, ಮಾರಲಾರ. ಕಂಪನಿ ಬಾಗಿಲು ಹಾಕಿದರೆ ಅವನಿಗೂ ಇಲ್ಲ.

ಆದ್ದರಿಂದ ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಈ ನಮ್ಮ ಮೂರು ತಾಲ್ಲೂಕಿನವರಲ್ಲಿ ನನ್ನದೊಂದು ಕೋರಿಕೆ. ಅಟ್ಟ ಗುಡಿಸುವಾಗ ಹಳೇ ಪೆಟ್ಟಿಗೆ, ಕ್ಯಾಸೆಟ್ಟು ಸಿಕ್ಕರೆ ಗುಜರಿಗೆ ಹಾಕಬೇಡಿ. ಅಡಾಪ್ಟರ್ ಸರಿಮಾಡಬಹುದು, ಪಿನ್ನು ಒರೆಸಬಹುದು, ರೆಗ್ಯುಲೇಟರು ಈಗಲೂ ಕೆಲವೇ ರೂಪಾಯಿಗೆ ಸಿಗುತ್ತದೆ. ಊರಿನ ಒಂದು ಶಾಲೆಯೋ ವಾಚನಾಲಯವೋ ಪಿಕ್ಚರ್ ಟ್ಯೂಬಿನ ಟಿವಿಯೊಂದನ್ನು ಇಟ್ಟುಕೊಂಡು ಇವನ್ನು ಆಡಲು ಬಿಟ್ಟರೆ, ರಿಪೇರಿಗೆ ನಾನಿದ್ದೇನೆ, ಕಲಿಯುವ ಹುಡುಗರಿದ್ದರೆ ಕಲಿಸುತ್ತೇನೆ.