ಮಾವು, ಚಿಕಣಿ ಅಡಿಕೆ ಮತ್ತು ಒಂದು ಮೊಕದ್ದಮೆ: ಕಲ್ಕತ್ತೆಯಲ್ಲಿ ಗಾಲಿಬ್

ಮಿರ್ಜಾ ಗಾಲಿಬ್ ಎಂದೊಡನೆ ನಮಗೆ ನೆನಪಾಗುವುದು ದಿಲ್ಲಿ. ಬಲ್ಲಿಮಾರಾನಿನ ಇಕ್ಕಟ್ಟಾದ ಗಲ್ಲಿ, ಕೆಂಪು ಕೋಟೆಯ ಮುಶಾಯಿರಾ, 1857ರ ವಿನಾಶ. ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ ಗಾಲಿಬ್ ಎಂದರೆ ಮೊದಲು ಬಾಯಿಪಾಠ ಮಾಡಬೇಕಾದ ಗಜಲ್, ಆಮೇಲೆ ಪರೀಕ್ಷೆಯಲ್ಲಿ ಅರ್ಥ ಬಿಡಿಸಬೇಕಾದ ಶೇರ್. ಈ ಕವಿ ತನ್ನ ಮೂವತ್ತನೆಯ ವಯಸ್ಸಿನಲ್ಲಿ ಕಲ್ಕತ್ತೆಗೆ ಹೋಗಿ, ಬಾಡಿಗೆ ಮನೆ ಹಿಡಿದು, ಸುಮಾರು ಒಂದೂವರೆ ವರ್ಷ ಅಲ್ಲಿ ಬಾಳಿದ್ದ ಎಂಬ ಸಂಗತಿ ಪಾಠಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಪಿಂಚಣಿಯ ಕೆಲಸಕ್ಕಾಗಿ ಹೋದ, ಕೆಲಸ ಆಗಲಿಲ್ಲ, ಮರಳಿ ಬಂದ. ಚರಿತ್ರೆಯ ಲೆಕ್ಕದಲ್ಲಿ ಇದು ಸರಿಯೇ. ಆದರೆ ಒಂದೂವರೆ ವರ್ಷವೆಂದರೆ ಐನೂರಕ್ಕೂ ಹೆಚ್ಚು ದಿನಗಳು. ಅಷ್ಟು ದಿನ ಆ ಮನುಷ್ಯ ಪರಊರಿನಲ್ಲಿ ಏನು ತಿಂದ, ಯಾರೊಡನೆ ನಕ್ಕ, ಯಾರೊಡನೆ ಜಗಳವಾಡಿದ, ಯಾವುದಕ್ಕೆ ಆಸೆಪಟ್ಟ?

ಮೊದಲು ಮೊಕದ್ದಮೆಯ ಸಂಗತಿ. ಗಾಲಿಬ್ ಹುಟ್ಟಿದ್ದು 1797ರಲ್ಲಿ, ಆಗ್ರಾದಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡರು. ಸಾಕಿದ ಚಿಕ್ಕಪ್ಪ ನಸ್ರುಲ್ಲಾ ಬೇಗ್ ಖಾನರೂ 1806ರಲ್ಲಿ ತೀರಿಕೊಂಡರು. ಅವರು ಇಂಗ್ಲಿಷರ ಸೇವೆಯಲ್ಲಿದ್ದವರು. ಅವರ ಕುಟುಂಬಕ್ಕೆ ವರ್ಷಕ್ಕೆ 10,000 ರೂಪಾಯಿ ಸಲ್ಲಬೇಕೆಂದು ಆ ವರ್ಷದ ಮೇ ತಿಂಗಳಲ್ಲಿ ಆದೇಶವಾಯಿತು. ಹಣ ಕೊಡಬೇಕಾದವರು ಫಿರೋಜ್‌ಪುರ ಝಿರ್ಕಾದ ನವಾಬ ಅಹ್ಮದ್ ಬಖ್ಶ್ ಖಾನ್. ಒಂದೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು. ಮೊತ್ತ 5,000ಕ್ಕೆ ಇಳಿಯಿತು. ಅದರಲ್ಲಿ 2,000 ಖ್ವಾಜಾ ಹಾಜಿ ಎಂಬವರ ಪಾಲಾಯಿತು. ಉಳಿದುದು ಹಂಚಿಕೆಯಾಗಿ ಗಾಲಿಬನ ಕೈಗೆ ಬಂದದ್ದು ವರ್ಷಕ್ಕೆ 750 ರೂಪಾಯಿ. ತಿಂಗಳಿಗೆ 62 ರೂಪಾಯಿ 8 ಆಣೆ. ಆ ಎರಡನೆಯ ಆದೇಶವೇ ಖೋಟಾ ಎಂಬುದು ಗಾಲಿಬನ ವಾದ. ದೊಡ್ಡ ಮನೆತನದವನೆಂಬ ಹೆಮ್ಮೆ ಒಂದು ಕಡೆ, ತಲೆಯ ಮೇಲೆ ಸಾಲ ಇನ್ನೊಂದು ಕಡೆ, ಮನೆಯಲ್ಲಿ ಚಿತ್ತಭ್ರಮಣೆಗೆ ಒಳಗಾದ ತಮ್ಮ ಯೂಸುಫ್ ಮತ್ತೊಂದು ಕಡೆ. ದಿಲ್ಲಿಯಲ್ಲಿ ನ್ಯಾಯ ಸಿಗದೆಂದು ಬಗೆದು, ಕಂಪನಿ ಸರ್ಕಾರದ ರಾಜಧಾನಿಯಾಗಿದ್ದ ಕಲ್ಕತ್ತೆಗೇ ಹೊರಟ. ಕಾನ್ಪುರ, ಲಖ್ನೋ, ಬಾಂದಾ, ಅಲಹಾಬಾದ್, ಬನಾರಸ್, ಪಟ್ನಾ, ಮುರ್ಶಿದಾಬಾದ್ ದಾಟಿ 1828ರ ಫೆಬ್ರವರಿಯಲ್ಲಿ ಕಲ್ಕತ್ತೆ ತಲುಪಿದ. ಬನಾರಸಿನಲ್ಲಿ ಮನಸೋತು ನಿಂತು ‘ಚಿರಾಗ್-ಎ-ದೈರ್’ ಎಂಬ ಫಾರಸಿ ಮಸ್ನವಿ ಬರೆದದ್ದೂ ಇದೇ ದಾರಿಯಲ್ಲಿ.

ಕಲ್ಕತ್ತೆಯಲ್ಲಿ ಆತನಿಗೆ ಮನೆ ಸಿಕ್ಕಿದ್ದು ಸಿಮ್ಲಾ ಬಜಾರಿನಲ್ಲಿ, ಗೋಲ್ ತಲಾಬ್ ಎಂಬ ಕೆರೆಯ ಹತ್ತಿರ, ಮಿರ್ಜಾ ಅಲಿ ಸೌದಾಗರರ ಹವೇಲಿಯಲ್ಲಿ. ಈ ಸಿಮ್ಲಾ ಬೆಟ್ಟದ ಮೇಲಿನ ಊರಲ್ಲ, ಉತ್ತರ ಕಲ್ಕತ್ತೆಯ ಒಂದು ಮೊಹಲ್ಲಾ. ಕಡಿಮೆ ಬಾಡಿಗೆಗೆ ಅನುಕೂಲವಾದ ಮನೆ ಸಿಕ್ಕಿತೆಂದು ಆತ ಪತ್ರದಲ್ಲಿ ಸಂತೋಷಪಟ್ಟಿದ್ದಾನೆ. ಪರಊರಿಗೆ ಕೆಲಸಕ್ಕೆಂದು ಹೋದ ಯಾರೇ ಆಗಲಿ, ಮನೆಗೆ ಬರೆಯುವ ಮೊದಲ ಪತ್ರದಲ್ಲಿ ಇದನ್ನೇ ಅಲ್ಲವೇ ಬರೆಯುವುದು? ದಿವಾನ್ ಬರೆದ ಕವಿಯೂ ಅದರಿಂದ ಹೊರತಲ್ಲ.

ಆತ ಕಂಡ ಕಲ್ಕತ್ತೆ ದಿಲ್ಲಿಗಿಂತ ತೀರ ಬೇರೆಯಾಗಿತ್ತು. ದಿಲ್ಲಿಯಲ್ಲಿ ಹೆಸರಿಗೆ ಬಾದಶಾಹನಿದ್ದ, ಹೆಸರಿಗೆ ದರ್ಬಾರಿತ್ತು. ಊರೆಲ್ಲ ಹಿಂದಿನ ವೈಭವದ ಮಾತಾಡುತ್ತಿತ್ತು. ಕಲ್ಕತ್ತೆ ಹಿಂದನ್ನು ನೋಡುವ ಊರಲ್ಲ. ಹೂಗ್ಲಿ ನದಿಯಲ್ಲಿ ಹಡಗುಗಳು ನಿಂತಿದ್ದವು. 1823ರಲ್ಲಿಯೇ ಆ ನೀರಿನ ಮೇಲೆ ಉಗಿದೋಣಿ ಓಡಿತ್ತು. 1817ರಲ್ಲಿ ನೇಮಕವಾದ ಲಾಟರಿ ಸಮಿತಿ, ಲಾಟರಿಯಿಂದ ಬಂದ ಹಣದಲ್ಲಿ ಬೀದಿಗಳನ್ನು ಅಗಲಗೊಳಿಸುತ್ತಿತ್ತು, ಕೆರೆಗಳನ್ನು ತೋಡಿಸುತ್ತಿತ್ತು. ಫಾರಸಿಯಲ್ಲಿ ಅಚ್ಚಾದ ವೃತ್ತಪತ್ರಿಕೆ ಇಲ್ಲಿ ಸಿಗುತ್ತಿತ್ತು. 1822ರಲ್ಲಿ ‘ಜಾಮ್-ಎ-ಜಹಾಂನುಮಾ’ ಹೊರಟಿದ್ದು ಈ ಊರಿನಿಂದಲೇ. ರಾಜಾ ರಾಮಮೋಹನ ರಾಯರು ಫಾರಸಿಯಲ್ಲಿ ‘ಮಿರಾತ್-ಉಲ್-ಅಖ್ಬಾರ್’ ನಡೆಸಿದ್ದೂ ಇಲ್ಲೇ. ಗಾಲಿಬ್ ಊರಿನಲ್ಲಿದ್ದಾಗಲೇ, 1828ರ ಆಗಸ್ಟಿನಲ್ಲಿ, ಅವರು ಬ್ರಹ್ಮಸಭಾ ಸ್ಥಾಪಿಸಿದರು.

ಆ ಕಲ್ಕತ್ತೆಗೂ ನಮಗೂ ನಂಟಿಲ್ಲ ಎನ್ನುವಂತಿಲ್ಲ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಕಲ್ಕತ್ತೆಯ ಸಮೀಪದ, ಅದೇ ಹೂಗ್ಲಿ ದಂಡೆಯ ಶ್ರೀರಾಮಪುರದಲ್ಲಿ. 1806ರ ವೆಲ್ಲೂರು ದಂಗೆಯ ನಂತರ ಟಿಪ್ಪು ಸುಲ್ತಾನರ ಮಕ್ಕಳನ್ನು ಇಂಗ್ಲಿಷರು ಸಾಗಿಸಿದ್ದು ಈ ಕಲ್ಕತ್ತೆಗೇ. ಗಾಲಿಬ್ ಸಿಮ್ಲಾ ಬಜಾರಿನಲ್ಲಿದ್ದಾಗ ಊರಿನ ದಕ್ಷಿಣಕ್ಕೆ, ಟಾಲಿಗಂಜ್ ಕಡೆ, ಶ್ರೀರಂಗಪಟ್ಟಣದ ಆ ಕುಟುಂಬ ಕಂಪನಿಯ ಪಿಂಚಣಿಯಲ್ಲಿ ಬದುಕುತ್ತಿತ್ತು. ಧರ್ಮತಲಾದಲ್ಲಿ ಇಂದಿಗೂ ನಿಂತಿರುವ ಟಿಪ್ಪು ಸುಲ್ತಾನ್ ಮಸೀದಿಯನ್ನು ಅವರ ಮಗ ಶಹಜಾದಾ ಗುಲಾಮ್ ಮುಹಮ್ಮದ್ ಕಟ್ಟಿಸಿದ್ದು 1842ರಲ್ಲಿ. ಒಂದೇ ಊರಿನಲ್ಲಿ ರಾಜ್ಯ ಕಳೆದುಕೊಂಡವರೂ ಇದ್ದರು, ಪಿಂಚಣಿ ಕಳೆದುಕೊಂಡವನೂ ಇದ್ದ. ಕೊಡುವ ಕೈ ಮಾತ್ರ ಒಂದೇ ಆಗಿತ್ತು.

ಗಾಲಿಬ್ ಏಪ್ರಿಲಿನಲ್ಲಿ ಅರ್ಜಿ ಸಲ್ಲಿಸಿದ. ಸರ್ಕಾರದ ಫಾರಸಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಆ್ಯಂಡ್ರ್ಯೂ ಸ್ಟರ್ಲಿಂಗ್ ಗೌರವದಿಂದ ಬರಮಾಡಿಕೊಂಡ. ಅತ್ತರು, ವೀಳ್ಯದ ಮರ್ಯಾದೆ ಸಂದಿತು. ಗಾಲಿಬ್ ಆತನ ಮೇಲೆ ಕಸೀದಾ ಬರೆದ. ಆದರೆ ಕಚೇರಿಯ ಉತ್ತರ ಬೇರೆಯಾಗಿತ್ತು: ಇಂಥ ಅರ್ಜಿ ಮೊದಲು ದಿಲ್ಲಿಯ ರೆಸಿಡೆಂಟರ ಮೂಲಕ ಬರಬೇಕು. ಯಾವ ದಿಲ್ಲಿಯನ್ನು ಬಿಟ್ಟು ಇಷ್ಟು ದೂರ ಬಂದಿದ್ದನೋ ಅದೇ ದಿಲ್ಲಿಗೆ ಕಾಗದ ಹೊರಟಿತು. ಅಲ್ಲೊಬ್ಬ ವಕೀಲನನ್ನು ಗೊತ್ತುಮಾಡಿ ಗಾಲಿಬ್ ಕಲ್ಕತ್ತೆಯಲ್ಲೇ ಉಳಿದ. ಮುಂದಿನ ಬದುಕೆಲ್ಲ ಕಾಯುವುದೇ.

ಕಾಯುವವನಿಗೆ ದಿನಗಳು ಉದ್ದ. ಆ ದಿನಗಳನ್ನು ಗಾಲಿಬ್ ತುಂಬಿಸಿಕೊಂಡ ಬಗೆ ಸೊಗಸಾಗಿದೆ. ಆತ ಬಂದದ್ದು ಮಾವಿನ ಕಾಲ ಶುರುವಾಗುವ ಮುನ್ನ. ಹೂಗ್ಲಿಯ ಇಮಾಂಬಾರಾಕ್ಕೆ ನವಾಬ ಅಲಿ ಅಕ್ಬರ್ ಖಾನ್ ತಬಾತಬಾಯಿ ಮುತವಲ್ಲಿಯಾಗಿದ್ದರು. ದಾನಶೂರ ಹಾಜಿ ಮುಹಮ್ಮದ್ ಮೊಹ್ಸಿನರು 1806ರಲ್ಲಿ ತಮ್ಮ ಆಸ್ತಿಯನ್ನು ವಕ್ಫ್ ಮಾಡಿದ ಸಂಸ್ಥೆ ಅದು. ಮುತವಲ್ಲಿಯವರಿಗೆ ಗಾಲಿಬ್ ಫಾರಸಿಯಲ್ಲಿ ಬರೆದ ಒಂದು ಪತ್ರ ಉಳಿದುಬಂದಿದೆ. ಪಿಂಚಣಿಗೆ ಶಿಫಾರಸು ಕೇಳಿದ ಪತ್ರವಲ್ಲ ಅದು, ಮಾವಿನಹಣ್ಣು ಕೇಳಿದ ಪತ್ರ. ತಾನು ಹೊಟ್ಟೆಯ ದಾಸನೆಂದೂ, ಮೈಯಲ್ಲಿ ಬಲವಿಲ್ಲದವನೆಂದೂ, ಈ ಎರಡಕ್ಕೂ ಮಾವೇ ಮದ್ದೆಂದೂ ನಿವೇದಿಸಿಕೊಂಡು, ಹಂಗಾಮು ಮುಗಿಯುವುದರೊಳಗೆ ಎರಡು ಮೂರು ಸಲ ತನ್ನನ್ನು ನೆನೆಯಬೇಕೆಂದು ವಿನಂತಿಸುತ್ತಾನೆ. ನೆನೆಯುವುದೆಂದರೆ ಬುಟ್ಟಿ ಕಳಿಸುವುದೆಂದು ಬೇರೆ ಹೇಳಬೇಕಿಲ್ಲ.

ಸರ್ಕಾರಕ್ಕೆ ಬರೆದ ಅರ್ಜಿಯಲ್ಲಿಯೂ ಕೇಳುವುದಿದೆ, ಈ ಪತ್ರದಲ್ಲಿಯೂ ಕೇಳುವುದಿದೆ. ಅಲ್ಲಿ ಆತ ವಂಶಾವಳಿ ಹೇಳಬೇಕು, ಚಿಕ್ಕಪ್ಪನ ಸೇವೆಯನ್ನು ಎಣಿಸಬೇಕು, ದಾಖಲೆ ತೋರಿಸಬೇಕು. ಇಲ್ಲಿ ನಾಲಿಗೆಯ ಚಪಲ ಒಪ್ಪಿಕೊಂಡರೆ ಸಾಕು. ಕೇಳಿದವನ ಮಾನಕ್ಕೂ ಕೊಡುವವನ ದೊಡ್ಡತನಕ್ಕೂ ಕುಂದಿಲ್ಲ. ಮಾವು ಸಿಹಿಯಾಗಿರಬೇಕು, ಬೇಕಾದಷ್ಟು ಇರಬೇಕು ಎಂದು ಗಾಲಿಬ್ ಮುಂದೊಮ್ಮೆ ದಿಲ್ಲಿಯಲ್ಲಿ ಹೇಳಿದ್ದನ್ನು ಶಿಷ್ಯ ಹಾಲಿ 1897ರ ‘ಯಾದ್‌ಗಾರ್-ಎ-ಗಾಲಿಬ್’ನಲ್ಲಿ ದಾಖಲಿಸಿದ್ದಾರೆ. ಆ ನಾಲಿಗೆಯನ್ನು ಬಂಗಾಳದ ಮಾವಿನ ಕಾಲವೂ ಚೆನ್ನಾಗಿ ಸಾಕಿತ್ತು.

ಇನ್ನೊಂದು ಪ್ರಸಂಗ ಅಡಿಕೆಯದು, ಅಡಿಕೆಯ ನಾಡಿನವರಾದ ನಮಗೆ ಹಿತವೆನಿಸುವಂಥದು. ಮೌಲ್ವಿ ಕರಮ್ ಹುಸೇನ್ ಎಂಬ ಸ್ನೇಹಿತರು ಒಂದು ಕೂಟದಲ್ಲಿ ನಾರಿಲ್ಲದ ನುಣುಪಾದ ಅಡಿಕೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ಇದಕ್ಕೆ ಉಪಮೆಗಳನ್ನು ಕಟ್ಟಿ ಎಂದು ಗಾಲಿಬನನ್ನು ಕೆಣಕಿದರು. ಉರ್ದುವಿನಲ್ಲಿ ಅದಕ್ಕೆ ‘ಚಿಕ್ನೀ ಡಲೀ’ ಎನ್ನುತ್ತಾರೆ. ನಮ್ಮಲ್ಲಿ ಚಿಕಣಿ ಅಡಿಕೆ. ಗಾಲಿಬ್ ಕುಳಿತಲ್ಲಿಯೇ ಒಂಬತ್ತು ಹತ್ತು ಶೇರ್ ಕಟ್ಟಿ ಕೊಟ್ಟು, ಬಹುಮಾನವಾಗಿ ಆ ಅಡಿಕೆಯನ್ನೇ ತೆಗೆದುಕೊಂಡ. ಎಷ್ಟೋ ವರ್ಷಗಳ ನಂತರ ಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಈ ಪ್ರಸಂಗವನ್ನು ಆತನೇ ನೆನೆದಿದ್ದಾನೆ. ವರ್ಷಕ್ಕೆ ಸಾವಿರಾರು ರೂಪಾಯಿ ಕೇಳಲು ಬಂದವನಿಗೆ ಆ ಊರಿನಲ್ಲಿ ತಡವಿಲ್ಲದೆ, ತಕರಾರಿಲ್ಲದೆ ಕೈಗೆ ಬಂದ ಸಂಪಾದನೆ ಇದು.

ಎಲ್ಲವೂ ಹೀಗೆ ಸಿಹಿಯಾಗಿರಲಿಲ್ಲ. 1780ರಲ್ಲಿ ಸ್ಥಾಪನೆಯಾದ ಕಲ್ಕತ್ತೆಯ ಮದ್ರಸಾ ಆಲಿಯಾದಲ್ಲಿ ಆಗ ತಿಂಗಳಿಗೊಮ್ಮೆ ಮುಶಾಯಿರಾ ನಡೆಯುತ್ತಿತ್ತು. ಗಾಲಿಬ್ ಅಲ್ಲಿ ಫಾರಸಿ ಗಜಲ್ ಓದಿದ. ‘ಹಮಾ’ ಎಂಬ ಪದವನ್ನು ‘ಆಲಂ’ ಎಂಬ ಏಕವಚನಕ್ಕೆ ಸೇರಿಸಿದ್ದು ತಪ್ಪೆಂದು ಸಭೆಯಲ್ಲಿ ಆಕ್ಷೇಪ ಎದ್ದಿತು. ಆಕ್ಷೇಪಿಸಿದವರು ಆಧಾರವಾಗಿ ಎತ್ತಿದ್ದು ಕತೀಲರ ಹೆಸರನ್ನು. ಕತೀಲ್ ಹುಟ್ಟಿನಿಂದ ಖತ್ರಿ, ಮುಂದೆ ಇಸ್ಲಾಂ ಸ್ವೀಕರಿಸಿ ಫಾರಸಿಯಲ್ಲಿ ದೊಡ್ಡ ಹೆಸರು ಮಾಡಿದವರು. ಗಾಲಿಬ್ ಉರಿದೆದ್ದ. ಫರೀದಾಬಾದಿನ ಖತ್ರಿಯ ಮಾತನ್ನು ತಾನು ಪ್ರಮಾಣವೆಂದು ಒಪ್ಪುವವನಲ್ಲ ಎಂದುಬಿಟ್ಟ. ಹೆರಾತ್‌ನಿಂದ ಬಂದಿದ್ದ ರಾಯಭಾರಿ ಕಿಫಾಯತ್ ಖಾನರು ಹಳೆಯ ಕವಿಗಳ ಉದಾಹರಣೆ ಕೊಟ್ಟು ಗಾಲಿಬನ ಪ್ರಯೋಗ ಸರಿಯೆಂದು ತೋರಿಸಿದರು. ಆದರೂ ಗದ್ದಲ ನಿಲ್ಲಲಿಲ್ಲ.

ವ್ಯಾಕರಣದಲ್ಲಿ ಗಾಲಿಬನ ಪಕ್ಷ ಗಟ್ಟಿಯಿದ್ದಿರಬಹುದು. ಆದರೆ ವಿದ್ವತ್ತಿನ ವಾದದಲ್ಲಿ ಎದುರಾಳಿಯ ಹುಟ್ಟನ್ನು ಎತ್ತಿ ಆಡಿದ್ದು ಶೋಭೆಯ ಮಾತಲ್ಲ. ಜಾತಿ, ಕುಲಗಳ ಅಹಂಕಾರ ನಮ್ಮ ಸಾಹಿತ್ಯದ ಸಭೆಗಳೊಳಗೂ ಬಂದು ಕೂರುತ್ತದೆ ಎನ್ನುವುದಕ್ಕೆ ಇದೂ ಒಂದು ನಿದರ್ಶನ. ಕೆಲಸ ಆಗಬೇಕಾದ ಊರಿನಲ್ಲಿ ವೈರ ಬೆಳೆಸಿಕೊಳ್ಳುವುದು ಸಲ್ಲದೆಂದು ಹಿತೈಷಿಗಳು ಹೇಳಿದ ಮೇಲೆ ಗಾಲಿಬ್ ಸಂಧಾನದ ಒಂದು ಮಸ್ನವಿ ಬರೆದ. ಅದರ ಮೊದಲ ಹೆಸರು ‘ಆಶ್ತಿನಾಮಾ’. ಮುಂದೆ ಅದೇ ‘ಬಾದ್-ಎ-ಮುಖಾಲಿಫ್’, ಎಂದರೆ ಎದುರುಗಾಳಿ, ಆಯಿತು. ತಾನು ಪರಊರಿನವನು, ನಿಮ್ಮ ಅತಿಥಿ, ಅತಿಥಿಯನ್ನು ಹೀಗೆ ನೋಯಿಸಬಹುದೇ ಎಂಬುದು ಅದರ ಧಾಟಿ. ಕ್ಷಮೆಯೂ ಇದೆ, ಬಿಗುಮಾನವೂ ಇದೆ.

ಇಷ್ಟಾದರೂ ಆತ ಕಲ್ಕತ್ತೆಯನ್ನು ದ್ವೇಷಿಸಲಿಲ್ಲ. ಅಲ್ಲಿನ ಸ್ನೇಹಿತ ಮೌಲ್ವಿ ಸಿರಾಜುದ್ದೀನ್ ಅಹ್ಮದರ ಒತ್ತಾಯಕ್ಕೆ ತನ್ನ ಉರ್ದು, ಫಾರಸಿ ಕವಿತೆಗಳನ್ನು ಆರಿಸಿ ‘ಗುಲ್-ಎ-ರಾನಾ’ ಸಂಕಲನ ಸಿದ್ಧಮಾಡಿದ್ದು ಅಲ್ಲಿಯೇ. ಮದುವೆಯ ಬಂಧನ ಇಲ್ಲದಿದ್ದರೆ ಎಲ್ಲ ಬಿಟ್ಟು ಆ ಊರಿನಲ್ಲೇ ಉಳಿಯುತ್ತಿದ್ದೆ ಎಂಬ ಅರ್ಥದ ಮಾತನ್ನು ಪತ್ರವೊಂದರಲ್ಲಿ ಬರೆದ. ಕಲ್ಕತ್ತೆಯ ಹೆಸರೆತ್ತಿದರೆ ಎದೆಗೆ ಬಾಣ ಹೊಡೆದಂತಾಗುತ್ತದೆ ಎಂದು ಶುರುವಾಗುವ ಆತನ ಉರ್ದು ಕಿತಾ ಪ್ರಸಿದ್ಧವಾಗಿದೆ. ಅದರಲ್ಲಿ ಆತ ನೆನೆಯುವುದು ಅಲ್ಲಿನ ಹಸಿರು, ಅಲ್ಲಿನ ಚೆಲುವೆಯರು, ಅಲ್ಲಿನ ಹಣ್ಣು, ಅಲ್ಲಿನ ಮದ್ಯ. ಕೊನೆಯದನ್ನು ನಾವು ಮೆಚ್ಚಬೇಕಿಲ್ಲ, ಆದರೆ ಗಾಲಿಬ್ ಅದನ್ನು ಎಂದೂ ಮರೆಮಾಚಿದವನಲ್ಲ. ನನಗೆ ಮುಖ್ಯವೆನಿಸುವುದು ಆ ಪಟ್ಟಿಯಲ್ಲಿ ಇಲ್ಲದಿರುವುದು. ಕೌನ್ಸಿಲ್ ಇಲ್ಲ, ಸೆಕ್ರೆಟರಿ ಇಲ್ಲ, ಅರ್ಜಿ ಇಲ್ಲ. ಯಾವುದಕ್ಕಾಗಿ ಹೋಗಿದ್ದನೋ ಅದರ ಹೆಸರೇ ಇಲ್ಲ.

1829ರ ನವೆಂಬರಿನಲ್ಲಿ ಗಾಲಿಬ್ ದಿಲ್ಲಿಗೆ ಮರಳಿದ. ಮರುವರ್ಷ ಸ್ಟರ್ಲಿಂಗ್ ತೀರಿಕೊಂಡ. ವಿವಾದದ ದಾಖಲೆಯನ್ನು ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಮನಿಗೆ ಕಳಿಸಿದರು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಮೈಸೂರಿನ ವಿಲೇವಾರಿ ಮಾಡಿದ ಆಯೋಗಕ್ಕೆ ಕಾರ್ಯದರ್ಶಿಯಾಗಿದ್ದವನೂ ಇದೇ ಮಾಲ್ಕಮ್. ದಾಖಲೆ ಸಾಚಾ ಎಂದು ಆತ ಹೇಳಿದ. 1831ರ ಜನವರಿಯಲ್ಲಿ ಗಾಲಿಬನ ಅರ್ಜಿ ವಜಾ ಆಯಿತು. ಮುಂದೆ ಮೇಲ್ಮನವಿಗಳಲ್ಲಿ ವರ್ಷಗಳು ಕಳೆದವು. ತಿಂಗಳಿಗೆ 62 ರೂಪಾಯಿ 8 ಆಣೆ ಹಾಗೆಯೇ ಉಳಿಯಿತು. 1857ರ ನಂತರ ಅದೂ ಕೆಲ ವರ್ಷ ನಿಂತಿತ್ತು.

ಆದರೂ ಆ ಪ್ರವಾಸ ವ್ಯರ್ಥವಾಯಿತೆಂದು ನಾನು ಹೇಳಲಾರೆ. 1855ರ ಸುಮಾರಿಗೆ ಸಯ್ಯದ್ ಅಹ್ಮದ್ ಖಾನರು ‘ಆಯಿನ್-ಎ-ಅಕ್ಬರಿ’ಯನ್ನು ಸಂಪಾದಿಸಿ ಮುನ್ನುಡಿಯ ಮಾತು ಕೇಳಿದಾಗ, ಗಾಲಿಬ್ ಹಳೆಯ ಆಡಳಿತದ ಪುಸ್ತಕವನ್ನು ಹೊಗಳಲಿಲ್ಲ. ಉಗಿಯಿಂದ ಓಡುವ ಹಡಗನ್ನೂ ತಂತಿಯಲ್ಲಿ ಹಾರುವ ಸುದ್ದಿಯನ್ನೂ ನೋಡಿ ಎಂದು ಫಾರಸಿ ಪದ್ಯದಲ್ಲಿ ಬುದ್ಧಿ ಹೇಳಿದ. ಸಯ್ಯದರು ಅದನ್ನು ಅಚ್ಚು ಹಾಕಲಿಲ್ಲ. ಮುಂದೆ ಹೊಸ ವಿದ್ಯೆಗಾಗಿ ಅಲಿಗಢದಲ್ಲಿ ಕಾಲೇಜು ಕಟ್ಟಿದವರು ಅವರೇ ಎಂಬುದು ಬೇರೆ ಮಾತು. ಹೊಸ ಕಾಲವನ್ನು ಗಾಲಿಬ್ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಹೂಗ್ಲಿಯ ದಂಡೆಯ ಊರಿನಲ್ಲಿ ಬಾಳಿ ಕಂಡಿದ್ದ.

ಕೋಲ್ಕತಾದಲ್ಲಿ ಹಿಂದಿನ ಫ್ರೀ ಸ್ಕೂಲ್ ಸ್ಟ್ರೀಟಿಗೆ ಈಗ ಮಿರ್ಜಾ ಗಾಲಿಬ್ ಸ್ಟ್ರೀಟ್ ಎಂಬ ಹೆಸರಿದೆ. ಆತ ಬಾಳಿದ ಮನೆ ಇದ್ದದ್ದು ಅಲ್ಲಲ್ಲ, ಉತ್ತರದ ಬೆಥ್ಯೂನ್ ರೋನಲ್ಲಿ. ಪಿಂಚಣಿಯ ಕಡತಗಳು ಪತ್ರಾಗಾರದಲ್ಲಿ ಭದ್ರವಾಗಿವೆ. ಮಾವಿನ ಪತ್ರವೂ ಅಡಿಕೆಯ ಪದ್ಯವೂ ಉಳಿದದ್ದು ಬರೆದವನು ಗಾಲಿಬ್ ಎಂಬ ಒಂದೇ ಕಾರಣಕ್ಕೆ. ಭಟ್ಕಳದಿಂದ, ಮಂಗಳೂರಿನಿಂದ, ಹುಬ್ಬಳ್ಳಿಯಿಂದ ಮುಂಬಯಿಗೆ ಹೋಗಿ ವರ್ಷಗಟ್ಟಲೆ ದುಡಿದ ನಮ್ಮ ಅಜ್ಜಂದಿರಿಗೆ ಆ ಭಾಗ್ಯವಿಲ್ಲ. ಅವರ ಹೆಸರು ಇದ್ದರೆ ಯಾವುದೋ ಹಾಜರಿ ಪುಸ್ತಕದಲ್ಲಿ, ಯಾವುದೋ ಸಾಲದ ಪತ್ರದಲ್ಲಿ ಇದ್ದೀತು. ಅವರು ಬಿಡುವಿನ ದಿನ ಎಲ್ಲಿ ಚಹ ಕುಡಿದರು, ಯಾವ ಹಣ್ಣನ್ನು ಮೊದಲ ಸಲ ತಿಂದರು, ಈದಿನ ನಮಾಜು ಮುಗಿಸಿ ಯಾರ ಕೋಣೆಯಲ್ಲಿ ಉಂಡರು ಎಂಬುದು ಮನೆಗೆ ಬರೆದ ಕಾಗದಗಳಲ್ಲಿ ಮಾತ್ರ ಇರುತ್ತದೆ. ಅಂಥ ಕಾಗದಗಳು ಈಗಲೂ ಕೆಲವು ಮನೆಗಳ ಹಳೆಯ ಟ್ರಂಕುಗಳ ತಳದಲ್ಲಿವೆ, ಕೆಲವು ಉರ್ದುವಿನಲ್ಲಿ, ಕೆಲವು ಕನ್ನಡದಲ್ಲಿ. ಮನೆ ಬದಲಾಯಿಸುವಾಗ ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಡಿಸಿ ಓದಿ. ಅಕ್ಷರ ಬಾರದಿದ್ದರೆ ಬರುವವರಿಂದ ಓದಿಸಿ.